ಒತ್ತು, ಹಿಡಿ, ಬಿಡು

ನಮ್ಮ ಚಿಕ್ಕಪ್ಪನ ಬಾಯಲ್ಲಿ ಹಗಲೆಲ್ಲ ಎಲೆಯಡಿಕೆಯ ಕವಳ. ಯಾರಾದರೂ ಏನಾದರೂ ಕೇಳಿದರೆ ಕೈಸನ್ನೆಯಲ್ಲೇ ಮುಗಿಸೋರು. ಅಂಥವರು ಆ ದಿನ ಅಂಗಳದ ಅಂಚಿಗೆ ಹೋಗಿ ಕವಳ ಉಗಿದು, ಬಾಯಿ ಮುಕ್ಕಳಿಸಿ ಬಂದು, ಮಗನ ಬೈಕಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಇದು ಮಾತಾಡಿಕೊಂಡು ಮಾಡೋ ಕೆಲಸ, ಬಾಯಿ ಖಾಲಿ ಇರಬೇಕು" ಅಂದರು.

ಪುನರ್ವಸು ಮಳೆಯೋ ಪುಷ್ಯವೋ, ಈಗ ಸರಿಯಾಗಿ ಹೇಳಲಾರೆ. ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಯೋ ಕಾಲ ಅನ್ನೋದಂತೂ ಖಚಿತ. ಯಾಕಂದರೆ ಅಡಿಕೆ ಮರ ಹತ್ತಿ ಔಷಧಿ ಹೊಡೆಯೋ ಕೊನೆಗೌಡ ಬೆಳಿಗ್ಗೆಯೇ ಬಂದು, ಮಳೆ ಹೊಳವಾಗೋದನ್ನೇ ಕಾಯುತ್ತ ಜಗಲಿಯಲ್ಲಿ ಕೂತಿದ್ದ. ಬೋರ್ಡೋ ದ್ರಾವಣ ಹೊಡೆಯೋಕೆ ಒಂದಿಷ್ಟು ಬಿಸಿಲು ಬೇಕು, ಇಲ್ಲದಿದ್ದರೆ ಹೊಡೆದದ್ದೆಲ್ಲ ತೊಳೆದುಹೋಗುತ್ತೆ. ಅಡಿಕೆಯ ಕೊಳೆರೋಗಕ್ಕೆ ಈ ಮದ್ದನ್ನ ನಮ್ಮವರಿಗೆ ರೂಢಿ ಮಾಡಿಸಿದ್ದು ಲೆಸ್ಲಿ ಕೋಲ್ಮನ್ ಅನ್ನೋ ಕೆನಡಾದ ವಿಜ್ಞಾನಿ, ಮೈಸೂರು ಸಂಸ್ಥಾನದ ಕಾಲದಲ್ಲಿ. ಅಜ್ಜಿ ಆ ಹೆಸರನ್ನ "ಕೋಲುಮನ್ ದೊರೆ" ಅಂತಲೇ ಹೇಳೋರು. ಅದಿರಲಿ, ಬೈಕಿನ ಕಥೆಗೆ ಬರ್ತೀನಿ.

ಚಿಕ್ಕಪ್ಪನ ಮಗನಿಗೆ ಉಡುಪಿಯಲ್ಲಿ ಕೆಲಸ. ಶನಿವಾರ ಆಗುಂಬೆ ಘಾಟಿ ಹತ್ತಿ ಬರೋದು, ಸೋಮವಾರ ನಸುಕಿಗೆ ಇಳಿಯೋದು. ಹದಿನಾಲ್ಕು ಹೇರ್‌ಪಿನ್ ತಿರುವು, ಮಂಜು, ರಸ್ತೆ ಮೇಲೆ ಹರಿಯೋ ನೀರು. ಆ ಶನಿವಾರ ಬಂದವನು ಹೆಲ್ಮೆಟ್ ತೆಗೆಯುತ್ತಲೇ, "ಮುಂದಿನ ಬ್ರೇಕು ಮೆತ್ತಗಾಗಿದೆ. ಲಿವರ್ ಒಂದು ಸಲ ಒತ್ತಿದರೆ ಹಿಡಿಕೆಗೇ ಬಂದು ಕೂರುತ್ತೆ, ನಾಲ್ಕು ಸಲ ಪಟಪಟ ಒತ್ತಿದರೆ ಗಟ್ಟಿಯಾಗುತ್ತೆ" ಅಂದ. ಪೇಟೆಯ ಯಾವುದೋ ಅಂಗಡಿಯಲ್ಲಿ ಬ್ರೇಕಿನ ಹೋಸ್ ಬದಲಿಸಿ ವಾರವಾಗಿತ್ತಂತೆ. ಚಿಕ್ಕಪ್ಪ ಲಿವರನ್ನ ಎರಡು ಸಲ ಒತ್ತಿ ನೋಡಿ, "ಗಾಳಿ ಸೇರಿದೆ" ಅಂದರು. ಹರೆಯದಲ್ಲಿ ಶಿವಮೊಗ್ಗದ ಲಾರಿ ಗ್ಯಾರೇಜಿನಲ್ಲಿ ದುಡಿದ ಕೈ ಅದು.

ನಮ್ಮಪ್ಪನ ಯೆಜ್ಡಿಗೆ ಈ ಕಾಟ ಇರಲಿಲ್ಲ. ಮೈಸೂರಿನ ಐಡಿಯಲ್ ಜಾವಾದ ಗಾಡಿ, ಎರಡೂ ಕಡೆ ಡ್ರಮ್ ಬ್ರೇಕು. ಸಡಿಲಾದರೆ ನಟ್ಟು ಒಂದು ಸುತ್ತು ಬಿಗಿ ಮಾಡಿದರೆ ಮುಗೀತು. 1999ರಲ್ಲಿ ಹೀರೋ ಹೋಂಡಾದ ಸಿಬಿಝಡ್ ಬಂದಮೇಲೆ ನಮ್ಮ ಕಡೆ ಹುಡುಗರಿಗೆ ಮುಂದಿನ ಗಾಲಿಗೆ ಡಿಸ್ಕ್ ಇದ್ದರೇ ಬೈಕು ಅನ್ನಿಸೋಕೆ ಶುರುವಾಯಿತು. ಡಿಸ್ಕಿನ ಹಿಡಿತ ನಿಜಕ್ಕೂ ಚಂದ. ಆದರೆ ಕೈಯ ಬಲವನ್ನ ಗಾಲಿಯವರೆಗೆ ಹೊತ್ತೊಯ್ಯೋದು ಅಲ್ಲಿ ತಂತಿಯಲ್ಲ, ಎಣ್ಣೆ. ಎಣ್ಣೆಯನ್ನ ಎಷ್ಟು ಒತ್ತಿದರೂ ಅದು ಕುಗ್ಗೋದಿಲ್ಲ, ಗಾಳಿ ಕುಗ್ಗುತ್ತೆ. ನಳಿಗೆಯಲ್ಲಿ ಗುಳ್ಳೆ ಸೇರಿತೋ, ನಮ್ಮ ಬಲವೆಲ್ಲ ಗುಳ್ಳೆ ಹಿಸುಕೋದರಲ್ಲೇ ಮುಗಿದು, ಡಿಸ್ಕಿಗೆ ಸಿಗೋದು ಉಳಿದಷ್ಟು ಮಾತ್ರ.

ಸರಿ, ಸಾಮಾನು ಸೇರಿಸಿದೆವು. ಎಂಟು ಎಂಎಂ ರಿಂಗ್ ಸ್ಪ್ಯಾನರು, ಮೆಡಿಕಲ್ ಶಾಪಿನಿಂದ ತಂದ ಪಾರದರ್ಶಕ ನಳಿಗೆ, ಒಂದು ಗಾಜಿನ ಬಾಟ್ಲಿ, ಸಿರಿಂಜು, ಸೀಲು ಒಡೆಯದ ಡಾಟ್ 4 ಬ್ರೇಕ್ ಎಣ್ಣೆ. ಸಿರಿಂಜು ಎಲ್ಲಿಂದ ಬಂತು ಅನ್ನೋದು ನೆನಪಿಲ್ಲ, ಬಹುಶಃ ದನದ ಡಾಕ್ಟರು ಬಿಟ್ಟುಹೋದದ್ದು. ಚಿಕ್ಕಪ್ಪ ಮೊದಲು ಮಾಡಿದ್ದು ಹಳೇ ಪಂಚೆ ಒದ್ದೆ ಮಾಡಿ ಟ್ಯಾಂಕಿನ ಮೇಲೆ ಹೊದಿಸಿದ್ದು. ಬ್ರೇಕ್ ಎಣ್ಣೆ ಒಂದು ಹನಿ ಬಿದ್ದರೂ ಬಣ್ಣ ಎದ್ದುಬರುತ್ತೆ, ಬಿದ್ದ ಕೂಡಲೇ ನೀರು ಹಾಕಿ ತೊಳೀಬೇಕು.

ಆಮೇಲೆ ಹ್ಯಾಂಡಲ್ ತಿರುಗಿಸಿ ಎಣ್ಣೆಯ ಡಬ್ಬಿ ಸಮವಾಗಿ ನಿಲ್ಲೋ ಹಾಗೆ ಮಾಡಿ, ಎರಡು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರು. ಒಳಗಿನ ಎಣ್ಣೆ ಕಪ್ಪುಗಟ್ಟಿತ್ತು. ಈ ಎಣ್ಣೆ ಗಾಳಿಯಲ್ಲಿರೋ ಪಸೆಯನ್ನ ತಾನೇ ಹೀರಿಕೊಳ್ಳುತ್ತೆ, ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಕೇಳೋದೇ ಬೇಡ. ಹೊಸ ಡಾಟ್ 4 ಎಣ್ಣೆ 230 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು ಅನ್ನೋದು ನಿಯಮ. ನೀರು ಕುಡಿದ ಎಣ್ಣೆಗೆ ಆ ಮಿತಿ 155ಕ್ಕೆ ಇಳಿಯುತ್ತೆ. ಘಾಟಿ ಇಳಿಯುವಾಗ ಬ್ರೇಕು ಹಿಡಿದೇ ಇದ್ದರೆ ಪ್ಯಾಡು ಕಾದು, ಆ ಕಾವು ಎಣ್ಣೆಗೆ ಹತ್ತಿ, ಎಣ್ಣೆ ಕುದಿದು ಆವಿಯಾದರೆ ಅಲ್ಲಿಯೂ ಗುಳ್ಳೆಯೇ. "ಒಳ್ಳೆ ಬ್ರೇಕು ನಡುಘಾಟಿಯಲ್ಲಿ ಕೈಕೊಡೋದು ಹೀಗೆ" ಅಂತ ಚಿಕ್ಕಪ್ಪ ಹಳೇ ಎಣ್ಣೆಯನ್ನ ಸಿರಿಂಜಿನಲ್ಲಿ ಎಳೆದು ತೆಗೆದು, ಹೊಸದನ್ನ ತುಂಬಿದರು.

ಕ್ಯಾಲಿಪರಿನ ನೆತ್ತಿಯಲ್ಲಿ ಒಂದು ಪುಟ್ಟ ನಿಪ್ಪಲ್ಲು ಇರುತ್ತೆ, ರಬ್ಬರ್ ಟೋಪಿ ಹಾಕಿಕೊಂಡು. ಅದಕ್ಕೆ ಮೊದಲು ಸ್ಪ್ಯಾನರು, ಅದರ ಮೇಲೆ ನಳಿಗೆ. ನಳಿಗೆಯ ಇನ್ನೊಂದು ತುದಿ ಬಾಟ್ಲಿಯ ತಳದಲ್ಲಿರೋ ಎಣ್ಣೆಯೊಳಗೆ ಮುಳುಗಿರಬೇಕು, ಇಲ್ಲದಿದ್ದರೆ ಹೊರಗಿನ ಗಾಳಿ ವಾಪಸ್ಸು ಹೋಗುತ್ತೆ. ಲಿವರಿನ ಹತ್ತಿರ ಮಗ, ನಿಪ್ಪಲ್ಲಿನ ಹತ್ತಿರ ಅಪ್ಪ, ಡಬ್ಬಿಯ ಎಣ್ಣೆ ಕಾಯೋಕೆ ನಾನು.

"ಒತ್ತು." "ಒತ್ತಿದೆ." "ಹಿಡಿ." "ಹಿಡಿದಿದ್ದೀನಿ." ಆಗ ಚಿಕ್ಕಪ್ಪ ನಿಪ್ಪಲ್ಲನ್ನ ಕಾಲು ಸುತ್ತು ಸಡಿಲಿಸೋರು. ಪುಸಕ್ಕನೆ ಕಪ್ಪೆಣ್ಣೆ, ಅದರ ಬೆನ್ನಿಗೆ ಗುಳ್ಳೆ. ಲಿವರ್ ಹಿಡಿಕೆಗೆ ತಾಗೋ ಮುಂಚೆಯೇ ಬಿಗಿ ಮಾಡಿ, "ಬಿಡು" ಅನ್ನೋರು. ಬಿಗಿ ಮಾಡೋದು ಮೊದಲು, ಬಿಡೋದು ಆಮೇಲೆ. ಮರದ ತುದಿಯಲ್ಲಿರೋ ಕೊನೆಗೌಡನೂ ಕೆಳಗೆ ಪಂಪು ಒತ್ತೋನೂ ಒಬ್ಬರ ಕೂಗಿಗೆ ಒಬ್ಬರು ಓಗೊಟ್ಟು ಔಷಧಿ ಹೊಡೆದ ಹಾಗೇ ಇತ್ತು ಅದು. ಜಗಲಿಯಲ್ಲಿದ್ದ ಕೊನೆಗೌಡನಿಗೂ ಹಾಗೇ ಅನ್ನಿಸಿರಬೇಕು, ಎದ್ದು ಬಂದು, "ಅಯ್ಯಾ, ಡಬ್ಬಿಯಲ್ಲಿ ಕಮ್ಮಿಯಾತು" ಅಂತ ನನಗಿಂತ ಮುಂಚೆ ಅವನೇ ಕೂಗಿದ. ಡಬ್ಬಿ ಖಾಲಿಯಾಗೋಕೆ ಬಿಟ್ಟರೆ ಮೇಲಿಂದ ಮತ್ತೆ ಗಾಳಿ ನುಗ್ಗಿ, ಮಾಡಿದ್ದೆಲ್ಲ ಮೊದಲಿಂದ ಮಾಡಬೇಕು.

ನಡುವೆ ಅಜ್ಜಿ ಪತ್ರೊಡೆ ತಂದಿಟ್ಟರು, ಕಾಯೆಣ್ಣೆ ಹಾಕಿಕೊಂಡು ತಿನ್ನಿ ಅಂತ. ಚಿಕ್ಕಪ್ಪ ಎಣ್ಣೆ ಡಬ್ಬಿ ಮುಚ್ಚಿ, ಬ್ರೇಕ್ ಎಣ್ಣೆ ವಿಷ ಅಂತ ಎಲ್ಲರ ಕೈ ಸೋಪು ಹಾಕಿ ಎರಡೆರಡು ಸಲ ತೊಳೆಸಿದ ಮೇಲೇ ತಟ್ಟೆ ಮುಟ್ಟೋಕೆ ಬಿಟ್ಟರು. ಆ ವರ್ಷದ ಕೆಸುವಿಗೆ ತುರಿಕೆಯೇ ಇರಲಿಲ್ಲ. ಮಳೆ ಮಾತ್ರ ಹೊಳವಾಗಲಿಲ್ಲ.

ಸಂಜೆ ಹೊತ್ತಿಗೆ ನಳಿಗೆಯಲ್ಲಿ ಬರೀ ತಿಳಿ ಎಣ್ಣೆ ಬರತೊಡಗಿತು. ಲಿವರೂ ಗಟ್ಟಿಯಾಗಿತ್ತು, ಆದರೆ ಚಿಕ್ಕಪ್ಪನಿಗೆ ಸಮಾಧಾನವಾಗಲಿಲ್ಲ. "ಗಾಳಿಯ ಗುಣ ಮೇಲೆ ಏಳೋದು, ನಾವು ಅದನ್ನ ಕೆಳಗೆ ತಳ್ಳುತ್ತಿದ್ದೀವಿ. ಸಣ್ಣ ಗುಳ್ಳೆ ಎಲ್ಲೋ ಅಂಟಿಕೊಂಡಿರುತ್ತೆ" ಅಂತ ಸ್ಪ್ಯಾನರಿನ ಹಿಡಿಯಿಂದ ಹೋಸಿನ ಉದ್ದಕ್ಕೂ ಮೆಲ್ಲಗೆ ತಟ್ಟಿದರು. ಆಮೇಲೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಲಿವರನ್ನ ಹಿಡಿಕೆಗೆ ಎಳೆದು ಕಟ್ಟಿ, ಹಾಗೇ ರಾತ್ರಿ ಬಿಟ್ಟರು. ಮಾರನೇ ದಿನ ಪಟ್ಟಿ ಬಿಚ್ಚಿದಾಗ ಡಬ್ಬಿಯಲ್ಲಿ ಸಾಸಿವೆ ಗಾತ್ರದ ಗುಳ್ಳೆ ಒಂದೆರಡು ಎದ್ದದ್ದನ್ನ ನಾನೇ ನೋಡಿದೆ. ಲಿವರ್ ಆಗ ಕಾಲು ದಾರಿಗೇ ನಿಂತಿತು.

ಅಷ್ಟಾದರೂ ಮಗನನ್ನ ಘಾಟಿಗೆ ಬಿಡಲಿಲ್ಲ. ನಿಪ್ಪಲ್ಲಿನ ಸುತ್ತ ಬಿಳಿ ಕಾಗದ ಒತ್ತಿ ಪಸೆ ಇದೆಯಾ ನೋಡಿದರು. ಅಂಗಳದಲ್ಲಿ ತಳ್ಳಿಕೊಂಡು ಹೋಗಿ ಬ್ರೇಕು ಹಿಡಿದರು. ಶಾಲೆಯ ಹತ್ತಿರದ ಸಮತಟ್ಟು ರಸ್ತೆಯಲ್ಲಿ ಅವನಿಂದ ಮೆಲ್ಲಗೆ ಓಡಿಸಿ ನೋಡಿದರು. ಸೋಮವಾರ ಅವನು ಘಾಟಿ ದಾಟಿ ಸೋಮೇಶ್ವರಕ್ಕೆ ಇಳಿದು ಫೋನು ಮಾಡಿದ ಮೇಲೆಯೇ ಅವರು ಕವಳದ ತಟ್ಟೆ ಹತ್ತಿರ ಎಳೆದುಕೊಂಡದ್ದು.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ, ಅವನ ಈಗಿನ ಬೈಕಿಗೂ ಇದೆ. ಅದರ ಪೆಟ್ಟಿಗೆಯೊಳಗೆ ಗಾಳಿ ಸೇರಿದರೆ ಸರ್ವಿಸ್ ಸೆಂಟರಿನ ಯಂತ್ರವೇ ಬೇಕಾಗಬಹುದು. ಆದರೂ ಎರಡು ವರ್ಷಕ್ಕೊಮ್ಮೆ, ಮಳೆ ಹಿಡಿಯೋ ಮುಂಚೆ, ಅಪ್ಪ ಮಗ ಕೂತು ಎಣ್ಣೆ ಬದಲಿಸೋದನ್ನ ಬಿಟ್ಟಿಲ್ಲ. ನಿಮ್ಮ ಬೈಕಿನ ಡಬ್ಬಿಗೂ ಪಕ್ಕದಲ್ಲಿ ಒಂದು ಪುಟ್ಟ ಗಾಜಿನ ಕಿಂಡಿ ಇರುತ್ತೆ. ಅದರಲ್ಲಿ ಎಣ್ಣೆ ಕಪ್ಪಾಗಿ ಕಂಡರೆ ಬದಲಿಸಿ, ಬದಲಿಸುವಾಗ ಲಿವರ್ ಹಿಡಿಯೋಕೆ ಮನೆಯವರನ್ನ ಯಾರನ್ನಾದರೂ ಕರೆದು ಕೂರಿಸಿಕೊಳ್ಳಿ.