ಖಾತೆಗೆ ಬಾರದ ಬಂಡವಾಳ

ವಾಣಿಜ್ಯಶಾಸ್ತ್ರವನ್ನು ಓದಿದವರಿಗೆ ಪರಿಚಿತವಾದ ನಿಯಮವೊಂದಿದೆ. ಒಂದು ಅಂಗಡಿಯು ಜನರಿಂದ ಗಳಿಸಿದ ವಿಶ್ವಾಸವು, ಲೆಕ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಅದರ ಗುಡ್‌ವಿಲ್, ಎಷ್ಟೇ ದೊಡ್ಡದಾಗಿದ್ದರೂ ಸ್ವಂತ ಆಸ್ತಿಪಟ್ಟಿಯಲ್ಲಿ ಸೇರುವಂತಿಲ್ಲ. ಮತ್ತೊಬ್ಬರು ಆ ವ್ಯಾಪಾರವನ್ನು ಬೆಲೆ ಕೊಟ್ಟು ಕೊಂಡಾಗ ಮಾತ್ರ, ಕೊಂಡವರ ಪುಸ್ತಕದಲ್ಲಿ ಅದಕ್ಕೊಂದು ಸಾಲು ದೊರೆಯುತ್ತದೆ. ಕಾರ್ಕಳದಿಂದ ಬಂದ ರಸ್ತೆಯು ಕುದುರೆಮುಖದ ಕಡೆಗೂ ಧರ್ಮಸ್ಥಳದ ಕಡೆಗೂ ಕವಲೊಡೆಯುವ ಬಜಗೋಳಿಯಂತಹ ಪೇಟೆಯಲ್ಲಿ ಈ ನಿಯಮವನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಉದ್ರಿ ಕೊಟ್ಟು ಅಡಿಕೆ ಕೈಗೆ ಬಂದ ಮೇಲೆ ಲೆಕ್ಕ ತೀರಿಸಿಕೊಳ್ಳುವ ವರ್ತಕನು, ತನ್ನ ನಿಜವಾದ ಬಂಡವಾಳ ಎಲ್ಲಿದೆಯೆಂಬುದನ್ನು ಚೆನ್ನಾಗಿ ಬಲ್ಲನು.

ಇಂತಹ ಮನೆತನಗಳ ಮಕ್ಕಳು ಇಂದು ನಿಟ್ಟೆಯಲ್ಲಿಯೋ ಮಣಿಪಾಲದಲ್ಲಿಯೋ ಇಂಜಿನಿಯರಿಂಗ್ ಓದಿ, ತಂತ್ರಜ್ಞಾನದ ನವೋದ್ಯಮಗಳಿಗೆ ಕೈಹಾಕುತ್ತಿದ್ದಾರೆ. ಹಣ ಕೇಳಲು ಬಂದ ಮಗನನ್ನು ಹಿರಿಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ‘ಏನನ್ನು ತಯಾರಿಸುತ್ತೀ?’ ಎಂಬುದು. ‘ಯಾರೊಡನೆ ತಯಾರಿಸುತ್ತೀ?’ ಎಂಬ ಪ್ರಶ್ನೆಯೇ ಮೊದಲು ಬರಬೇಕಾದುದು.

ಇನ್ಫೋಸಿಸ್ ಸಂಸ್ಥೆಯ ಇತಿಹಾಸವನ್ನು ಈ ದೃಷ್ಟಿಯಿಂದ ಓದಬೇಕು. 1981ರಲ್ಲಿ ಅದನ್ನು ಪುಣೆಯಲ್ಲಿ ಆರಂಭಿಸಿದ ಏಳು ಮಂದಿ ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್‌ನಲ್ಲಿ ಜೊತೆಗೆ ದುಡಿದವರು. ಒಬ್ಬರ ಶಕ್ತಿಯನ್ನೂ ಸಿಡುಕನ್ನೂ ಇನ್ನೊಬ್ಬರು ಕಂಡವರು. ಮೂಲಧನವಾದ 10,000 ರೂಪಾಯಿ ಎನ್. ಆರ್. ನಾರಾಯಣಮೂರ್ತಿಯವರ ಪತ್ನಿ ಸುಧಾ ಮೂರ್ತಿಯವರ ಉಳಿತಾಯದಿಂದ ಬಂದಿತು. ಗೃಹಿಣಿಯ ಉಳಿತಾಯವು ಉದ್ಯಮಕ್ಕೆ ಅಡಿಗಲ್ಲಾಗುವುದು ವರ್ತಕ ಕುಟುಂಬಗಳಿಗೆ ಹೊಸ ಸಂಗತಿಯಲ್ಲ, ಆದರೆ ಅದನ್ನು ಬಹಿರಂಗವಾಗಿ ಒಪ್ಪಿಕೊಳ್ಳುವವರು ವಿರಳ.

ಕಂಪ್ಯೂಟರನ್ನು ಆಮದು ಮಾಡಿಕೊಳ್ಳುವುದಕ್ಕೂ ದೂರವಾಣಿಯನ್ನು ಪಡೆಯುವುದಕ್ಕೂ ಸರಕಾರಿ ಕಚೇರಿಗಳಿಗೆ ಅಲೆಯಬೇಕಾಗಿದ್ದ ಕಾಲವದು. ಸಂಸ್ಥೆಯು 1983ರಲ್ಲಿ ಬೆಂಗಳೂರಿಗೆ ಬಂದಿತು. 1989ರಲ್ಲಿ ಅಮೆರಿಕದ ಕಂಪನಿಯೊಂದರೊಡನೆ ಇದ್ದ ಪಾಲುಗಾರಿಕೆ ಕುಸಿಯಿತು. ಏಳು ಮಂದಿಯಲ್ಲಿ ಒಬ್ಬರಾದ ಅಶೋಕ್ ಅರೋರ ತಮ್ಮ ಪಾಲನ್ನು ಸಹಸ್ಥಾಪಕರಿಗೇ ಮಾರಿ ಹೊರನಡೆದರು. 1990ರಲ್ಲಿ ಇಡೀ ಸಂಸ್ಥೆಯನ್ನು ಹತ್ತು ಲಕ್ಷ ಡಾಲರಿಗೆ ಕೊಳ್ಳುವ ಪ್ರಸ್ತಾಪವೊಂದು ಬಂದಾಗ ಉಳಿದವರು ಬೆಂಗಳೂರಿನಲ್ಲಿ ಸಭೆ ಸೇರಿದರು. ಒಂಬತ್ತು ವರ್ಷ ದುಡಿದು ಬಳಲಿದ್ದವರಿಗೆ ಅದು ಸಣ್ಣ ಮೊತ್ತವೇನಲ್ಲ. ಮಾರಿಬಿಡುವ ಕಡೆಗೇ ಹೆಚ್ಚಿನವರ ಒಲವಿತ್ತು. ಎಲ್ಲರ ಮಾತನ್ನೂ ಗಂಟೆಗಟ್ಟಲೆ ಆಲಿಸಿದ ನಾರಾಯಣಮೂರ್ತಿಯವರು, ಮಾರಲಿಚ್ಛಿಸುವವರ ಪಾಲನ್ನೆಲ್ಲ ತಾವೇ ಕೊಳ್ಳುವುದಾಗಿ ಕೊನೆಗೆ ಹೇಳಿದರು. ಅವರ ಕೈಯಲ್ಲಿ ಹಣವಿರಲಿಲ್ಲವೆಂಬುದನ್ನು ಮುಂದೆ ಅವರೇ ತಿಳಿಸಿದ್ದಾರೆ. ಗೆಳೆಯರಿಗೂ ಅದು ಗೊತ್ತಿದ್ದಿರಬೇಕು. ಸುಮಾರು ಒಂದು ಗಂಟೆಯ ಚರ್ಚೆಯ ನಂತರ ಎಲ್ಲರೂ ಉಳಿದರು. ಹಣವಿಲ್ಲದವನ ಮಾತಿಗೆ ಅಷ್ಟು ಬೆಲೆ ಬಂದುದು ಯಾವ ಕಾನೂನಿನಿಂದ? ಉದಾರೀಕರಣ ಬಂದುದು ಮರುವರ್ಷ, ಷೇರುಗಳು ಸಾರ್ವಜನಿಕರಿಗೆ ದೊರೆತುದು 1993ರಲ್ಲಿ.

ಸಂಬಂಧಗಳು ಸದಾ ಮಧುರವಾಗಿಯೇ ಇರುತ್ತವೆಂದು ಇದರಿಂದ ಭಾವಿಸಲಾಗದು. 2017ರಲ್ಲಿ ಅದೇ ಸಂಸ್ಥೆಯ ಸ್ಥಾಪಕರಿಗೂ ಆಡಳಿತ ಮಂಡಳಿಗೂ ನಡುವಣ ಭಿನ್ನಾಭಿಪ್ರಾಯ ಬೀದಿಗೆ ಬಂದಿತು. ಮುಖ್ಯ ಕಾರ್ಯನಿರ್ವಾಹಕ ವಿಶಾಲ್ ಸಿಕ್ಕಾ ರಾಜೀನಾಮೆಯಿತ್ತರು. ಆಗ ಅಧ್ಯಕ್ಷಸ್ಥಾನಕ್ಕೆ ಮರಳಿ ಬಂದವರು ಹಳೆಯ ಜೊತೆಗಾರರಲ್ಲೊಬ್ಬರಾದ ನಂದನ್ ನೀಲೇಕಣಿ.

ಕರಾವಳಿಗೆ ಈ ಪಾಠ ಇನ್ನೂ ಹಳೆಯದು. 1925ರಲ್ಲಿ ಉಡುಪಿಯಲ್ಲಿ, ನೇಕಾರರ ಸಂಕಷ್ಟವನ್ನು ಕಂಡು, 8,000 ರೂಪಾಯಿ ಬಂಡವಾಳದಿಂದ ಆರಂಭವಾದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೆ ಬಂದವನ ಕೈಗೆ ಕೊಡುವಾಗ, ಕೊಡುವವಳು ನೋಡುತ್ತಿದ್ದುದು ಬ್ಯಾಂಕಿನ ಕಟ್ಟಡವನ್ನಲ್ಲ, ಆ ಮನುಷ್ಯನ ಮುಖವನ್ನು. ಸಿಂಡಿಕೇಟ್ ಬ್ಯಾಂಕ್ ಎಂದು ಪ್ರಸಿದ್ಧವಾದ ಆ ಸಂಸ್ಥೆ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಅದೇ ಉಡುಪಿಯಲ್ಲಿ 1996ರಲ್ಲಿ ರೋಹಿತ್ ಭಟ್ ಸ್ಥಾಪಿಸಿದ ರೋಬೋಸಾಫ್ಟ್ ಸಂಸ್ಥೆಯನ್ನು ಜಪಾನಿನ ಟೆಕ್ನೋಪ್ರೋ 2021ರಲ್ಲಿ 805 ಕೋಟಿ ರೂಪಾಯಿಗೆ ಕೊಳ್ಳಲು ಒಪ್ಪಿತು. ತಂತ್ರಾಂಶದ ಸಂಸ್ಥೆಯಲ್ಲಿ ಯಂತ್ರವೆಷ್ಟು, ಕಟ್ಟಡವೆಷ್ಟು? ಅಂತಹ ಬೆಲೆಯ ಬಹುಭಾಗವು ಜೊತೆಗೂಡಿ ಕೆಲಸ ಮಾಡಬಲ್ಲ ಜನರದು, ಅವರನ್ನು ನಂಬಿದ ಗ್ರಾಹಕರದು.

ಹಾಗೆಂದು ಬರಿಯ ಮಾತಿನ ಮೇಲೆ ಹಣ ಕೊಡಬೇಕೆಂದಲ್ಲ. ಸೋದರಳಿಯನ ಕಂಪನಿಗೆ ಪತ್ರವಿಲ್ಲದೆ ಹಣವಿತ್ತು, ಅದು ಮುಳುಗಿದ ಮೇಲೆ ಮದುವೆಮುಂಜಿಗೂ ಹೋಗದಂತಾಗುವುದು ಉಂಟು. ನವೋದ್ಯಮಗಳಲ್ಲಿ ಒಂದು ಒಳ್ಳೆಯ ಪದ್ಧತಿ ಬೆಳೆದಿದೆ: ಸ್ಥಾಪಕರ ಪಾಲು ಒಮ್ಮೆಲೇ ಅವರದಾಗದೆ, ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ದಕ್ಕುತ್ತದೆ, ಮೊದಲ ವರ್ಷ ತುಂಬುವ ಮುನ್ನ ಬಿಟ್ಟುಹೋದವನಿಗೆ ಏನೂ ಇಲ್ಲ. ಇದನ್ನು ಅಪನಂಬಿಕೆಯೆಂದು ತಿಳಿಯುವ ಹಿರಿಯರಿದ್ದಾರೆ. ಆದರೆ ಅಣ್ಣತಮ್ಮಂದಿರು ಪಾಲುಪಟ್ಟಿಯನ್ನು ಜಗಳ ಹುಟ್ಟುವ ಮೊದಲೇ, ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿರುವಾಗಲೇ ಬರೆಸಿಟ್ಟ ಮನೆಗಳಲ್ಲಿ, ಇಂದಿಗೂ ಹಬ್ಬಕ್ಕೆ ಎಲ್ಲರೂ ಸೇರುತ್ತಾರೆ.