ಸರದಿಯ ಯಂತ್ರ

ಮುಂಬಯಿಗೆ ಬಂದವರಿಗೆ ಹಂಚಿಕೊಂಡು ಬದುಕುವುದನ್ನು ಯಾರೂ ಕಲಿಸಬೇಕಾಗಿಲ್ಲ. ಗಿರಣಿಗಳ ಕಾಲದಲ್ಲಿ ಚಾಳಿನ ಒಂದೇ ಖೋಲಿಯಲ್ಲಿ ಅನೇಕ ಕಾರ್ಮಿಕರಿರುತ್ತಿದ್ದರು. ಒಂದು ಪಾಳಿಯವನು ಎದ್ದುಹೋದ ಚಾಪೆಯ ಮೇಲೆ ಇನ್ನೊಂದು ಪಾಳಿಯವನು ಬಂದು ಮಲಗುತ್ತಿದ್ದ. ಗಣಕಯಂತ್ರದೊಳಗೂ ಇದೇ ಸಂಸಾರವೆಂದು ನನಗೆ ತಿಳಿಸಿದವನು ನನ್ನ ಸೋದರಳಿಯ.

ಡೊಂಬಿವಲಿಯಲ್ಲಿ ಕುಳಿತು ಕೆಲವು ಕ್ಯಾಂಟೀನುಗಳ ಲೆಕ್ಕ ನೋಡಿಕೊಳ್ಳುವ ಸಣ್ಣ ಉದ್ಯೋಗ ಅವನದು. ಸ್ವಂತ ಸರ್ವರ್ ಕೊಳ್ಳುವ ಶಕ್ತಿಯಿಲ್ಲ. 'ಕ್ಲೌಡ್'ನಲ್ಲಿ ಬಾಡಿಗೆಗೆ ಹಿಡಿದಿದ್ದಾನೆ. ಹೆಸರು ಮೋಡವಾದರೂ ಅದರ ವಾಸ ನೆಲದ ಮೇಲೆಯೇ. ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಮುಂಬಯಿಯಲ್ಲಿ ಇಂಥ ವ್ಯವಸ್ಥೆ ತೆರೆದವು. ಐರೋಲಿಯ ಕಡೆಗೂ ಡೇಟಾ ಸೆಂಟರುಗಳೆದ್ದಿವೆ.

ಒಂದೊಂದು ಸರ್ವರಿನಲ್ಲಿ ಹತ್ತಾರು ಕೋರುಗಳು, ಎಂದರೆ ಲೆಕ್ಕ ಮಾಡುವ ತಲೆಗಳು. ಹೈಪರ್‌ವೈಸರ್ ಎಂಬ ತಂತ್ರಾಂಶ ಆ ಒಂದು ಯಂತ್ರವನ್ನೇ ಹಲವು ಯಂತ್ರಗಳಾಗಿ ತೋರಿಸುತ್ತದೆ. ಪ್ರತಿ ಬಾಡಿಗೆದಾರನಿಗೂ ಯಂತ್ರ ತನ್ನೊಬ್ಬನದೇ ಎಂಬ ಭಾವನೆ! ನಿಜದಲ್ಲಿ ಒಬ್ಬನನ್ನು ಕೆಲವು ಮಿಲಿಸೆಕೆಂಡು ಕೋರಿನ ಮೇಲೆ ಕೂರಿಸಿ, ಎಬ್ಬಿಸಿ, ಮತ್ತೊಬ್ಬನನ್ನು ಕರೆಯುವುದೇ ಅದರ ಕೆಲಸ. ಎಲ್ಲರಿಗೂ ಒಮ್ಮೆಲೇ ಕೆಲಸ ಬೀಳಲಾರದೆಂದು ನಂಬಿ, ಇರುವುದಕ್ಕಿಂತ ಹೆಚ್ಚು ಕೋರುಗಳನ್ನು ಬಾಡಿಗೆಗೆ ಕೊಡುವವರೂ ಇದ್ದಾರೆ. ಸರದಿಗಾಗಿ ಕಾದ ಹೊತ್ತಿಗೆ ಲಿನಕ್ಸಿನಲ್ಲಿ 'ಸ್ಟೀಲ್ ಟೈಮ್' ಎಂಬ ಹೆಸರಿದೆ: ಕದ್ದ ಕಾಲ.

ಅಗ್ಗದ ಯಂತ್ರಗಳಿಗೆ ಪಡಿತರವೂ ಉಂಟು. ಅಮೆಜಾನಿನ 'ಟಿ2 ಮೈಕ್ರೋ'ಗೆ ಗಂಟೆಗೆ 6 ಕ್ರೆಡಿಟ್. ಒಂದು ಕ್ರೆಡಿಟ್ಟಿಗೆ ಒಂದು ನಿಮಿಷದ ಪೂರ್ತಿ ದುಡಿಮೆ. ಎಂದರೆ ನೂರಕ್ಕೆ ಹತ್ತು ಪಾಲು. ಸುಮ್ಮನಿದ್ದರೆ 144ರವರೆಗೆ ಉಳಿತಾಯ. ಅದು ಕರಗಿದರೆ ಮತ್ತೆ ಹತ್ತು ಪಾಲೇ ಗತಿ.

ಅಳಿಯನ ಕಂಪೆನಿ ಬೇರೆ, ಪದ್ಧತಿ ಇದೇ ಬಗೆಯದು. ತಿಂಗಳಿಡೀ ಸುಖ, ಕೊನೆಯ ದಿನ ಎಲ್ಲ ಕ್ಯಾಂಟೀನುಗಳ ಸಂಬಳದ ಪಟ್ಟಿ ಒಟ್ಟಿಗೇ ಬಂದಾಗ ಯಂತ್ರ ತೆವಳತೊಡಗುತ್ತದೆ. ಊರಿಗೆ ಹಣ ಕಳಿಸಬೇಕಾದ ಹುಡುಗರು ರಾತ್ರಿಯವರೆಗೆ ಕಾಯಬೇಕು.

"ಮಾಮ, ಪೂರ್ತಿ ಕೋರು ಹಿಡಿದರೆ ನನ್ನ ಲಾಭ ಬಾಡಿಗೆಗೇ ಹೋಗುತ್ತದೆ. ಹಿಡಿಯದಿದ್ದರೆ ಅವರ ಸಂಬಳ ತಡ," ಎಂದ.

ಕೊನೆಗೆ ಅವನೇ ದಾರಿ ಕಂಡುಕೊಂಡ. ತಿಂಗಳ ಕೊನೆಯ ಎರಡು ದಿನ ಮಾತ್ರ ದೊಡ್ಡ ಯಂತ್ರ, ಉಳಿದಂತೆ ಚಿಕ್ಕದು. ಬಾಡಿಗೆ ತುಸು ಏರಿದೆ. ಪಟ್ಟಿ ಮಾತ್ರ ಮಧ್ಯಾಹ್ನದೊಳಗೆ ಸಿದ್ಧ.

ಹಂಚಿಕೆಯಿಂದಲೇ ಬಡವನ ಕೈಗೂ ಯಂತ್ರ ಎಟುಕಿದೆ, ನಿಜ. ಆದರೆ ಸರದಿ ತಪ್ಪಿದಾಗ ಕಾಯುವವರು ಯಾರೆಂಬುದನ್ನೂ ಲೆಕ್ಕ ಹಿಡಿಯುವವರು ಬೇಕು. ಹೈಪರ್‌ವೈಸರಿಗೆ ಆ ಹುಡುಗರ ಪರಿಚಯವಿಲ್ಲ, ನಮ್ಮ ಅಳಿಯನಿಗಿದೆ.