ಗುಡುಗಿನ ಕೊಲ್ಲಿಯ ಕರೆ

ಕೆನಡಾ ದೇಶದ ಭೂಪಟವನ್ನು ಬಿಡಿಸಿ ನೋಡಿದವರಿಗೆ ಅದರ ದಕ್ಷಿಣದ ಅಂಚಿನಲ್ಲಿ ತೋಳದ ತಲೆಯನ್ನು ಹೋಲುವ ನೀಲಿಯ ಆಕೃತಿಯೊಂದು ಕಾಣಿಸುವುದು. ಅದು ಸುಪೀರಿಯರ್ ಸರೋವರ. ವಿಸ್ತಾರದಲ್ಲಿ ಜಗತ್ತಿನ ಸಿಹಿನೀರಿನ ಸರೋವರಗಳಿಗೆಲ್ಲ ಹಿರಿದಾದುದು. ಸುಮಾರು 82,000 ಚದರ ಕಿಲೋಮೀಟರು. ದಡದಲ್ಲಿ ನಿಂತವನಿಗೆ ಆಚೆಯ ದಡ ಕಾಣದು. ಅಲೆಗಳ ಮೊರೆತವನ್ನು ಕೇಳಿದರೆ ಕಡಲೆಂದೇ ಭ್ರಮೆಯಾಗುವುದು. ಈ ಸರೋವರದ ವಾಯವ್ಯ ತೀರದಲ್ಲಿ, ಟೊರಾಂಟೊ ನಗರದಿಂದ ಸುಮಾರು 1,400 ಕಿಲೋಮೀಟರು ರಸ್ತೆಯನ್ನು ಸವೆಸಿದ ಮೇಲೆ, ಥಂಡರ್ ಬೇ ಎಂಬ ಊರು ಸಿಗುತ್ತದೆ. ‘ಗುಡುಗಿನ ಕೊಲ್ಲಿ’ ಎಂದು ಆ ಹೆಸರಿನ ಅರ್ಥ.

ಊರಿನ ದಿಬ್ಬಗಳ ಮೇಲೆ ನಿಂತು ನೋಡಿದರೆ ನೀರಿನಾಚೆ ದೈತ್ಯನೊಬ್ಬ ಅಂಗಾತನಾಗಿ ಮಲಗಿರುವಂತೆ ತೋರುವುದು. ಹಣೆ, ಎದೆ, ಚಾಚಿದ ಕಾಲುಗಳು ಎಲ್ಲವೂ ಸ್ಪಷ್ಟ. ವಾಸ್ತವವಾಗಿ ಅದೊಂದು ಬಂಡೆಗಲ್ಲಿನ ಭೂಶಿರ. ಬೆಳ್ಳಿಯ ಗಣಿಯೊಂದರ ಗುಟ್ಟು ಬಿಳಿಯರಿಗೆ ತಿಳಿದುಹೋದಾಗ ನಾನಾಬಿಜು ಎಂಬ ಮಹಾಪುರುಷನು ಕಲ್ಲಾಗಿ ಮಲಗಿದನೆಂದು ಅಲ್ಲಿಯ ಮೂಲನಿವಾಸಿಗಳಾದ ಒಜಿಬ್ವೆ ಜನರ ಕತೆಯೊಂದು ಹೇಳುತ್ತದೆ. ಹೊರಗಿನವರು ಬಂದರೆ ಏನಾಗುವುದೆಂಬ ಪ್ರಶ್ನೆ ಈ ಕೊಲ್ಲಿಗೆ ಅಷ್ಟು ಹಳೆಯದು.

ಮೂರು ಹೆಸರು, ಒಂದು ಊರು

ಹಿಂದೆ ಇಲ್ಲಿ ಪೋರ್ಟ್ ಆರ್ಥರ್, ಫೋರ್ಟ್ ವಿಲಿಯಂ ಎಂಬ ಎರಡು ನಗರಗಳಿದ್ದುವು. ಅಕ್ಕಪಕ್ಕದಲ್ಲಿದ್ದರೂ ಒಂದನ್ನು ಕಂಡರೆ ಇನ್ನೊಂದಕ್ಕೆ ಆಗುತ್ತಿರಲಿಲ್ಲ. 1970ರ ಜನವರಿ 1ರಂದು ಅವೆರಡನ್ನೂ ಕೂಡಿಸಿ ಒಂದೇ ನಗರವನ್ನಾಗಿ ಮಾಡಲಾಯಿತು. ಹೊಸ ನಗರಕ್ಕೆ ಏನೆಂದು ಹೆಸರಿಡಬೇಕೆಂಬುದನ್ನು ಹಿಂದಿನ ವರ್ಷವೇ ಜನರಿಗೆ ಬಿಟ್ಟಿದ್ದರು. ಮತಪತ್ರದಲ್ಲಿ ಮೂರು ಹೆಸರುಗಳಿದ್ದುವು: ‘ಥಂಡರ್ ಬೇ’, ‘ಲೇಕ್‌ಹೆಡ್’, ‘ದಿ ಲೇಕ್‌ಹೆಡ್’.

ಸರೋವರದ ತಲೆಯ ಕಡೆಯ ಊರಾದ್ದರಿಂದ ‘ಲೇಕ್‌ಹೆಡ್’ ಎಂಬುದು ಬಹುಜನರ ಬಾಯಲ್ಲಿದ್ದ ಹೆಸರು. ಆದರೆ ಅದಕ್ಕೊಂದು ‘ದಿ’ ಸೇರಬೇಕೆ ಬೇಡವೆ ಎಂಬಲ್ಲಿ ಮತಗಳು ಒಡೆದುಹೋದುವು. ಲೇಕ್‌ಹೆಡ್‌ಗೆ 15,302, ದಿ ಲೇಕ್‌ಹೆಡ್‌ಗೆ 8,377, ಥಂಡರ್ ಬೇಗೆ 15,870. ಕೂಡಿದ್ದರೆ ಇಪ್ಪತ್ತಮೂರು ಸಾವಿರವನ್ನು ದಾಟುತ್ತಿದ್ದ ಹೆಸರು ಸೋತಿತು. ಹದಿನಾರು ಸಾವಿರವನ್ನೂ ಮುಟ್ಟದ ಹೆಸರು ಗೆದ್ದಿತು. ಜನಾಭಿಪ್ರಾಯ ಕೇಳುವುದು ಒಳ್ಳೆಯದೇ. ಆದರೆ ಪ್ರಶ್ನೆಯನ್ನು ಹೇಗೆ ಕೇಳಿದೆವೆಂಬುದರ ಮೇಲೆ ಉತ್ತರ ನಿಂತಿರುತ್ತದೆ. ಈ ಪಾಠ ಥಂಡರ್ ಬೇ ಊರಿನ ಹೆಸರಿನಲ್ಲಿಯೇ ಕುಳಿತಿದೆ.

ಎಷ್ಟು ಜನ?

ಅರ್ಧ ಶತಮಾನ ಕಳೆದ ಮೇಲೆ ಆ ಊರಿನ ಮುಂದೆ, ಆ ದೇಶದ ಮುಂದೆ, ಇನ್ನೊಂದು ಪ್ರಶ್ನೆ ಇದೆ. ಕೆನಡಾದಲ್ಲಿ ನೆಲೆಸಲು ಹೊರದೇಶಗಳಿಂದ ಎಷ್ಟು ಜನ ಬರಬೇಕು? 2001ರ ವಲಸೆ ಶಾಸನದ ಪ್ರಕಾರ ಸಂಬಂಧಪಟ್ಟ ಮಂತ್ರಿಗಳು ಪ್ರತಿವರ್ಷವೂ ಇದರ ಲೆಕ್ಕವನ್ನು ಪಾರ್ಲಿಮೆಂಟಿನ ಮುಂದೆ ಇಡಬೇಕು. ಅದಕ್ಕೆ ಮೊದಲು ಪ್ರಾಂತ್ಯ ಸರ್ಕಾರಗಳನ್ನೂ ಉದ್ಯಮಿಗಳನ್ನೂ ಸಂಘಸಂಸ್ಥೆಗಳನ್ನೂ ವಿಚಾರಿಸುವ ರೂಢಿ. ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯ ಪ್ರಜೆಯೂ ತನ್ನ ಅಭಿಪ್ರಾಯವನ್ನು ಬರೆದು ತಿಳಿಸಬಹುದು.

ಹಿಂದಿನ ಕಾಲದಲ್ಲಿ ಇಷ್ಟೊಂದು ವಿಚಾರಣೆ ಇರಲಿಲ್ಲ. 1913ರ ಒಂದೇ ವರ್ಷದಲ್ಲಿ ನಾಲ್ಕು ಲಕ್ಷ ಜನ ಯೂರೋಪಿನ ಕಡೆಯಿಂದಲೂ ಅಮೆರಿಕದಿಂದಲೂ ಬಂದು ಇಳಿದರು. ಭಾರತೀಯನಿಗೆ ಮಾತ್ರ ಬಾಗಿಲು ಮುಚ್ಚಿತ್ತು. ಹುಟ್ಟಿದ ದೇಶದಿಂದ ನಡುವೆ ಎಲ್ಲಿಯೂ ನಿಲ್ಲದೆ ನೇರವಾಗಿ ಬರಬೇಕೆಂಬ ನಿಯಮವನ್ನು 1908ರಲ್ಲಿ ಮಾಡಿದ್ದರು. ಭಾರತದಿಂದ ಹಾಗೆ ಬರುವ ಹಡಗೇ ಇರಲಿಲ್ಲ. 1914ರಲ್ಲಿ ‘ಕೊಮಗಾಟ ಮಾರು’ ಹಡಗಿನಲ್ಲಿ ವ್ಯಾಂಕೂವರಿಗೆ ಹೋದ 376 ಪ್ರಯಾಣಿಕರಲ್ಲಿ ಬಹುತೇಕರು ಎರಡು ತಿಂಗಳು ನೀರಿನ ಮೇಲೆಯೇ ಇದ್ದು ಹಿಂದಿರುಗಬೇಕಾಯಿತು. ಸ್ವತಂತ್ರ ಭಾರತಕ್ಕೆ 1951ರಲ್ಲಿ ದೊರೆತ ಪಾಲು ವರ್ಷಕ್ಕೆ 150 ಜನ. ಹುಟ್ಟಿದ ದೇಶವನ್ನು ಬದಿಗಿಟ್ಟು, ವಿದ್ಯೆ, ಕಸುಬು, ಭಾಷಾಜ್ಞಾನಗಳಿಗೆ ಅಂಕ ಕೊಟ್ಟು ಆರಿಸುವ ಪದ್ಧತಿ ಬಂದುದು 1967ರಲ್ಲಿ.

ಈಗಿನ ಚರ್ಚೆಯೆಲ್ಲ ಸಂಖ್ಯೆಯ ಸುತ್ತ. 2025ರಲ್ಲಿ ಐದು ಲಕ್ಷ ಜನರನ್ನು ಕಾಯಂ ನಿವಾಸಿಗಳನ್ನಾಗಿ ಬರಮಾಡಿಕೊಳ್ಳುವುದೆಂದು 2023ರಲ್ಲಿ ಸಾರಿದ್ದ ಸರ್ಕಾರ, 2024ರ ಅಕ್ಟೋಬರಿನಲ್ಲಿ ಅದನ್ನು 3,95,000ಕ್ಕೆ ಇಳಿಸಿತು. 2025ರ ನವೆಂಬರಿನಲ್ಲಿ, ಮುಂದಿನ ಮೂರು ವರ್ಷಗಳಿಗೆ ವರ್ಷಕ್ಕೆ 3,80,000 ಎಂದು ಗೊತ್ತುಮಾಡಿತು. ದೊಡ್ಡ ನಗರಗಳಲ್ಲಿ ಬಾಡಿಗೆ ಕೈಗೆಟುಕದು, ಆಸ್ಪತ್ರೆಯಲ್ಲಿ ಕಾದು ಸಾಕಾಗುವುದು, ಆದ್ದರಿಂದ ಬರುವವರ ಸಂಖ್ಯೆ ಕಡಮೆಯಾಗಲಿ ಎಂಬ ಕೂಗು ಬಲವಾಗಿತ್ತು. ಆ ಸಂಕಟ ಸುಳ್ಳಲ್ಲ. ಆದರೆ ಥಂಡರ್ ಬೇಯ ಸಂಕಟ ಬೇರೆಯದು.

ಯಾರು?

1971ರಲ್ಲಿ ಈ ಊರಿನ ಜನಸಂಖ್ಯೆ ಸುಮಾರು ಒಂದು ಲಕ್ಷ ಎಂಟು ಸಾವಿರ. 2021ರಲ್ಲಿಯೂ ಸುಮಾರು ಒಂದು ಲಕ್ಷ ಎಂಟು ಸಾವಿರವೇ. ಇದೇ ಅವಧಿಯಲ್ಲಿ ಕೆನಡಾದ ಜನಸಂಖ್ಯೆ ಎರಡು ಕೋಟಿ ಹದಿನಾರು ಲಕ್ಷದಿಂದ ಮೂರು ಕೋಟಿ ಎಪ್ಪತ್ತು ಲಕ್ಷದ ಹತ್ತಿರಕ್ಕೆ ಏರಿತು. ಪಶ್ಚಿಮದ ಬಯಲುಗಳ ಗೋಧಿಯನ್ನು ಹಡಗಿಗೆ ತುಂಬಲೆಂದು ಕಟ್ಟಿದ ಭಾರಿ ಕಣಜಗಳು ಇಂದಿಗೂ ತೀರದಲ್ಲಿ ಕೋಟೆಗಳಂತೆ ನಿಂತಿವೆ; ಅನೇಕವು ಬರಿದಾಗಿವೆ. ಓದಿದ ಮಕ್ಕಳು ದಕ್ಷಿಣದ ನಗರಗಳ ದಾರಿ ಹಿಡಿಯುತ್ತಾರೆ. ಮುಪ್ಪಿನವರನ್ನು ನೋಡಿಕೊಳ್ಳುವವರು, ಲಾರಿ ನಡೆಸುವವರು, ಬಡಗಿಗಳು, ಯಂತ್ರ ದುರಸ್ತಿ ಮಾಡುವವರು ಬೇಕೆಂದರೆ ಸಿಗುವುದಿಲ್ಲ.

ಇಂತಹ ಊರುಗಳಿಗಾಗಿ 2019ರಲ್ಲಿ ಒಂದು ಪ್ರಯೋಗ ಆರಂಭವಾಯಿತು. ದೇಶದ ಹನ್ನೊಂದು ಊರುಗಳಿಗೆ ತಮ್ಮ ಹೊಸಬರನ್ನು ತಾವೇ ಆರಿಸುವ ಅವಕಾಶ ದೊರೆಯಿತು. ಥಂಡರ್ ಬೇ ಅವುಗಳಲ್ಲೊಂದು. ಆ ಯೋಜನೆ 2024ರಲ್ಲಿ ಮುಗಿದು, 2025ರ ಜನವರಿಯಲ್ಲಿ ಹದಿನಾಲ್ಕು ಊರುಗಳೊಡನೆ ಅದರ ಹೊಸ ರೂಪ ಪ್ರಕಟವಾಯಿತು. ಕ್ರಮ ಹೀಗಿದೆ: ಊರಿನ ಉದ್ಯೋಗದಾತನು ಅಭ್ಯರ್ಥಿಗೆ ಕಾಯಂ ಕೆಲಸವನ್ನು ಕೊಡಲು ಒಪ್ಪಬೇಕು. ಅಭ್ಯರ್ಥಿಗೆ ಕಸುಬಿನ ಅನುಭವವಾಗಲಿ ಅದೇ ಊರಿನ ವಿದ್ಯಾಸಂಸ್ಥೆಯ ವ್ಯಾಸಂಗವಾಗಲಿ ಇರಬೇಕು; ಭಾಷೆ ಬರಬೇಕು; ಅಲ್ಲಿಯೇ ನೆಲೆಸುವ ಮನಸ್ಸಿರಬೇಕು. ಎಲ್ಲವನ್ನೂ ತೂಗಿ ನೋಡಿ ಊರಿನ ಸಂಸ್ಥೆಯು ಶಿಫಾರಸು ಬರೆಯುವುದು. ಕೊನೆಯ ಮುದ್ರೆ ಒಟ್ಟಾವಾ ರಾಜಧಾನಿಯದು.

‘ಎಷ್ಟು ಜನ ಬರಲಿ?’ ಎಂದು ಕೇಳಿದಾಗ ತಲೆಯಲ್ಲಾಡಿಸಿ ‘ಸಾಕು’ ಎನ್ನುವ ಗೃಹಸ್ಥನನ್ನು, ‘ನಿಮ್ಮ ತಾಯಿಯನ್ನು ವೃದ್ಧಾಶ್ರಮದಲ್ಲಿ ನೋಡಿಕೊಳ್ಳುವ ಆ ಹುಡುಗಿ ಇಲ್ಲಿ ಉಳಿಯಲೆ?’ ಎಂದು ಕೇಳಿದರೆ ಅವನ ಉತ್ತರ ಬೇರೆಯಾದೀತು. ಮೊದಲನೆಯದು ಲೆಕ್ಕದ ಪ್ರಶ್ನೆ. ಎರಡನೆಯದರಲ್ಲಿ ಒಂದು ಮುಖವಿದೆ.

ಈ ಪದ್ಧತಿಯಲ್ಲಿ ದೋಷಗಳೂ ಇಲ್ಲದಿಲ್ಲ. ಲೇಕ್‌ಹೆಡ್ ವಿಶ್ವವಿದ್ಯಾಲಯದಲ್ಲಿಯೂ ಕಾನ್ಫೆಡರೇಷನ್ ಕಾಲೇಜಿನಲ್ಲಿಯೂ ಓದಲು ಬಂದ ಭಾರತೀಯ ವಿದ್ಯಾರ್ಥಿಗಳ ಪಾಡನ್ನು ನೆನೆದರೆ ಇದು ತಿಳಿಯುವುದು. ಮನೆಯವರು ಸಾಲ ಮಾಡಿ ಕಳುಹಿಸಿರುತ್ತಾರೆ. ಕೆಲಸದ ಪರವಾನಗಿಯ ಕೊನೆಯ ದಿನ ಸಮೀಪಿಸುತ್ತಿರುತ್ತದೆ. ಇರುವ ಸ್ಥಾನಗಳು ಕೆಲವೇ. ಇಡೀ ಭವಿಷ್ಯ ಒಬ್ಬ ಯಜಮಾನನ ಒಂದು ಕಾಗದದ ಮೇಲೆ ನಿಂತಾಗ, ದುಡಿಮೆಯ ಹೊತ್ತು ಹೆಚ್ಚಾಯಿತೆಂದು ಬಾಯಿಬಿಡಲು ಯಾರಿಗೆ ಧೈರ್ಯ ಬಂದೀತು?

ಕರೆಯುವ ಹಕ್ಕು ಯಾರದೆಂಬ ಪ್ರಶ್ನೆಯೂ ಉಂಟು. ಊರಿನ ಪಕ್ಕದಲ್ಲಿಯೇ ಫೋರ್ಟ್ ವಿಲಿಯಂ ಮೂಲನಿವಾಸಿಗಳ ವಸತಿಯಿದೆ. 1850ರ ಒಪ್ಪಂದದಿಂದ ಅವರಿಗೆ ಉಳಿದಿದ್ದ ನೆಲದಲ್ಲಿಯೂ ಒಂದು ಭಾಗ 1905ರಲ್ಲಿ ರೈಲ್ವೆಗೆ ಹೋಯಿತು. ಹಿರಿಯರ ಸಮಾಧಿಗಳನ್ನೂ ಬೇರೆಡೆಗೆ ಸಾಗಿಸಬೇಕಾಯಿತು. ಇನ್ನು, ಉತ್ತರದ ಕಾಡುಗಳ ನಡುವಣ ವಸತಿಗಳಿಂದ ಶಾಲೆಗಾಗಿ ಈ ನಗರಕ್ಕೆ ಬರುವ ಮೂಲನಿವಾಸಿ ಮಕ್ಕಳು ಸ್ವದೇಶದಲ್ಲಿಯೇ ಹೊಸಬರು. 2000ದಿಂದ 2011ರ ನಡುವೆ ಅಂತಹ ಏಳು ಮಂದಿ ಎಳೆಯರು ಇಲ್ಲಿ ಪ್ರಾಣ ಕಳೆದುಕೊಂಡರು. 2016ರಲ್ಲಿ ಮುಗಿದ ವಿಚಾರಣೆಯು 145 ಸಲಹೆಗಳನ್ನು ಕೊಟ್ಟಿತು. ಬಂದವರನ್ನು ಹೇಗೆ ನೋಡಿಕೊಳ್ಳಬೇಕೆಂಬುದನ್ನು ಈ ಊರು ಬಹು ದುಬಾರಿ ಬೆಲೆ ತೆತ್ತು ಕಲಿಯಬೇಕಾಗಿ ಬಂದಿದೆ.

ಉಳಿಯುವರೆ?

ಕಾಯಂ ನಿವಾಸದ ಪತ್ರ ಕೈಗೆ ಬಂದ ಮೇಲೆ ಹೊಸಬನನ್ನು ಯಾರೂ ಕಟ್ಟಿಹಾಕಲಾರರು. ಯಾವ ಪ್ರಾಂತ್ಯಕ್ಕೆ ಬೇಕಾದರೂ ಹೋಗಿ ದುಡಿದು ಬಾಳುವ ಹಕ್ಕನ್ನು 1982ರ ಸಂವಿಧಾನವೇ ಅವನಿಗೆ ಕೊಟ್ಟಿದೆ. ಜನವರಿಯ ರಾತ್ರಿ ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವ ಊರು. ಒಂದೂವರೆ ದಿನದ ದಾರಿಯಲ್ಲಿ ಟೊರಾಂಟೊ, ಅಲ್ಲಿ ಬಂಧುಗಳು, ದೇವಾಲಯ, ಗುರುದ್ವಾರ, ಸ್ವಂತ ಭಾಷೆಯ ಮಾತು. ಅವನು ಏಕೆ ಉಳಿಯಬೇಕು?

ಇದಕ್ಕೆ ಉತ್ತರ ಬೇ ಸ್ಟ್ರೀಟ್ ಎಂಬ ಬೀದಿಯಲ್ಲಿತ್ತು. ನೂರು ವರ್ಷಗಳ ಹಿಂದೆ ಇಲ್ಲಿಗೆ ಬಂದ ಹೊಸಬರಲ್ಲಿ ಮುಖ್ಯರು ಫಿನ್‌ಲೆಂಡಿನವರು. ಕಾಡಿನಲ್ಲಿ ಮರ ಕಡಿಯುವುದು ಗಂಡಸರ ಕೆಲಸ, ಪರರ ಮನೆಗಳಲ್ಲಿ ಊಳಿಗ ಹೆಂಗಸರದು. 1910ರಲ್ಲಿ ಅವರು ತಮಗಾಗಿ ಒಂದು ಕಾರ್ಮಿಕ ಭವನವನ್ನು ಕಟ್ಟಿಕೊಂಡರು. 1918ರಲ್ಲಿ ಅದರ ನೆಲಮಾಳಿಗೆಯಲ್ಲಿ ಸಹಕಾರ ತತ್ತ್ವದ ಮೇಲೆ ಒಂದು ಊಟದ ಮನೆಯನ್ನು ತೆರೆದರು. ಸರ್ಕಾರವು ಯುದ್ಧಕಾಲದ ಸಂಶಯದಿಂದ ಫಿನ್ನಿಷ್ ಭಾಷೆಯ ಪತ್ರಿಕೆಗಳನ್ನು ನಿಷೇಧಿಸಿದುದೂ ಅದೇ ವರ್ಷ. ಆದರೂ ಕಾಡಿನಿಂದ ಬಂದ ಕೂಲಿಗಾರನಿಗೆ ಅಗ್ಗದ ಬೆಲೆಯಲ್ಲಿ ಹೊಟ್ಟೆ ತುಂಬ ಬಿಸಿ ಊಟ ಅಲ್ಲಿ ಸಿಗುತ್ತಿತ್ತು. ಮುಂದೆ ಅಲ್ಲಿಯ ತೆಳುದೋಸೆಯಂತಹ ತಿನಿಸಿಗಾಗಿ ಊರಿಗೆ ಊರೇ ಸಾಲುಗಟ್ಟಿ ನಿಲ್ಲುತ್ತಿತ್ತು. ಒಮ್ಮೆ ಸಂಶಯಕ್ಕೆ ಗುರಿಯಾಗಿದ್ದ ಆ ಜನರ ಮರಿಮಕ್ಕಳು ಇಂದು ಹೊಸಬರನ್ನು ಕರೆಯುವ ಊರಿನ ಹಳಬರು.

ಆ ಭವನ 2021ರ ಡಿಸೆಂಬರಿನಲ್ಲಿ ಬೆಂಕಿಗೆ ಆಹುತಿಯಾಯಿತು. ಊಟದ ಮನೆಯ ಹೆಸರು ಮಾತ್ರ ಜನರ ನಾಲಗೆಯ ಮೇಲಿದೆ: ‘ಹೊಯಿತೊ’. ಫಿನ್ನಿಷ್ ಭಾಷೆಯಲ್ಲಿ ಅದಕ್ಕೆ ‘ಆರೈಕೆ’ ಎಂದು ಅರ್ಥ. ಎಷ್ಟು ಜನರೆಂಬುದನ್ನು ರಾಜಧಾನಿ ಹೇಳಬಹುದು. ಯಾರೆಂಬುದನ್ನು ಊರು ಹೇಳಬಹುದು. ‘ಇಲ್ಲಿಯೇ ಇರುತ್ತೇನೆ’ ಎಂಬ ಮಾತು ಬಂದವನ ಬಾಯಿಂದ ಹೊರಡಬೇಕಾದರೆ, ಆ ಹಳೆಯ ಊಟದ ಮನೆಯ ಹೆಸರನ್ನು ಊರು ಮರೆಯದಿರಬೇಕು.